ಕೆಳಗಿನ ಮನೆಯ ಅಜ್ಜಿಯ ಹೊಸೂರು

ಟೈಪ್‌ರೈಟರಿನ ಸದ್ದು ಕೆಳಗಿನ ಮನೆಗೆ ಕೇಳಿಸುತ್ತದೆಂದು ನನಗೆ ಗೊತ್ತಿರಲಿಲ್ಲ. ಸನ್ನಿವೇಲಿನ ಆ ಅಪಾರ್ಟ್‌ಮೆಂಟಿನಲ್ಲಿ ಮಹಡಿಯ ಮನೆ ನಮ್ಮದು. ಕಾರ್ಪೆಟ್ಟಿನ ಕೆಳಗೆ ಬರೀ ಮರದ ಹಲಗೆ. ನಮ್ಮವರು ಬೆಳಿಗ್ಗೆ ಚಿಪ್ ತಯಾರಿಸುವ ಕಂಪನಿಗೆ ಹೊರಟರೆ ಬರುವುದು ಸಂಜೆ ಆರೂವರೆಗೆ. ಮಂಡ್ಯದ ಹೈಸ್ಕೂಲೊಂದರಲ್ಲಿ ನಾಲ್ಕು ವರ್ಷ ಭೂಗೋಳ ಪಾಠ ಮಾಡಿದ್ದ ನಾನು ಅವರ ವೀಸಾದ ಜೊತೆ ಬಂದವಳು. ಕೆಲಸ ಮಾಡುವ ಹಾಗಿರಲಿಲ್ಲ. ಕೈಗೆ ಅಭ್ಯಾಸ ತಪ್ಪಬಾರದೆಂದು ದಿನವೂ ಒಂದು ಗಂಟೆ ಟೈಪ್ ಮಾಡುತ್ತಿದ್ದೆ. ಊರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಜೂನಿಯರ್ ಪಾಸು ಮಾಡಿದ್ದ ಹೆಮ್ಮೆಯೂ ಸ್ವಲ್ಪ ಇತ್ತೆನ್ನಿ.

ಒಂದು ದಿನ ಹನ್ನೊಂದರ ಹೊತ್ತಿಗೆ ಬಾಗಿಲು ಬಡಿದರು. ತೆರೆದರೆ ಕೆಳಗಿನ ಮನೆಯ ಅಜ್ಜಿ. ಎಪ್ಪತ್ತು ದಾಟಿದ ಜರ್ಮನ್ ಹೆಂಗಸು, ಎತ್ತರದ ಆಳು, ಬೆನ್ನು ಇನ್ನೂ ಬಾಗಿರಲಿಲ್ಲ. ಬಟ್ಟೆ ಒಗೆಯುವ ಕೋಣೆಯಲ್ಲಿ ಎದುರಾದಾಗ ತಲೆಯಾಡಿಸುತ್ತಿದ್ದೆವೇ ಹೊರತು ಮಾತು ಆಡಿರಲಿಲ್ಲ. ಸದ್ದಿನ ಬಗ್ಗೆ ದೂರು ಹೇಳಲು ಬಂದಿದ್ದಾರೆಂದುಕೊಂಡೆ.

"ಟೈಪ್ ಮಾಡೋಳು ನೀನಾ?" ಎಂದರು.

"ಹೌದು. ತೊಂದರೆ ಆಗ್ತಿದ್ದರೆ ನಿಲ್ಲಿಸ್ತೀನಿ."

"ನಿಲ್ಲಿಸಬೇಡ. ನನಗೊಂದು ಟೈಪ್ ಮಾಡಿಕೊಡಬೇಕು."

ಅವರು ಆಡಿದ್ದು ಇಂಗ್ಲಿಷು, ನಾನು ಉತ್ತರ ಕೊಟ್ಟದ್ದೂ ಇಂಗ್ಲಿಷು. ಇಬ್ಬರದೂ ಬೇರೆ ಬೇರೆ ರೀತಿಯಲ್ಲಿ ಸೊಟ್ಟಗಿತ್ತು. ಈಗ ಆ ಮಾತುಗಳೆಲ್ಲ ನನ್ನ ಕಿವಿಯಲ್ಲಿ ಕನ್ನಡವಾಗಿಯೇ ಕೇಳುತ್ತವೆ, ಹಾಗೆಯೇ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಅವರ ಒಬ್ಬಳೇ ಮಗಳು ಕಾರಿನಲ್ಲಿ ಅರ್ಧ ಗಂಟೆ ದೂರದ ಲಾಸ್ ಗ್ಯಾಟೋಸಿನಲ್ಲಿದ್ದಳು. ಐವತ್ತರ ಹತ್ತಿರದವಳು. ಮುಂದಿನ ಬೇಸಗೆಯಲ್ಲಿ ಗಂಡನ ಜೊತೆ ಜರ್ಮನಿಗೆ ಹೋಗಿ ಅಮ್ಮ ಹುಟ್ಟಿದ ಊರನ್ನು ನೋಡಿ ಬರುವ ಆಸೆ ಅವಳಿಗೆ. ಊರಿನ ಬಗ್ಗೆ ಎಲ್ಲ ಬರೆದುಕೊಡು ಎಂದು ಅಮ್ಮನಿಗೆ ಹೇಳಿದ್ದಳು. ಆದರೆ ಅಜ್ಜಿಗೆ ಬರೆಯಲು ಬರುತ್ತಿದ್ದದ್ದು ಜರ್ಮನ್, ಮಗಳಿಗೆ ಓದಲು ಬರುತ್ತಿದ್ದದ್ದು ಇಂಗ್ಲಿಷ್. ಯುದ್ಧ ಶುರುವಾಗುವ ಮೊದಲೇ ಗಂಡ ಹೆಂಡತಿ ಇಲ್ಲಿಗೆ ಬಂದುಬಿಟ್ಟಿದ್ದರು. ಯುದ್ಧ ಶುರುವಾದ ಮೇಲೆ ಅಕ್ಕಪಕ್ಕದವರಿಗೆ ಹೆದರಿ ಮನೆಯೊಳಗೂ ಜರ್ಮನ್ ಮಾತು ನಿಲ್ಲಿಸಿದ್ದರು. ನಿಂತದ್ದು ಮತ್ತೆ ಶುರುವಾಗಲಿಲ್ಲ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಆ ಊರಿನ ವಿಷಯ ಅಮ್ಮ ಮಗಳ ನಡುವೆ ಎಂದೂ ಬಂದಿರಲಿಲ್ಲವಂತೆ.

"ನೀನು ಏನು ಓದಿದ್ದೀಯ?" ಎಂದು ಕೇಳಿದರು.

"ಭೂಗೋಳ. ಟೀಚರ್ ಆಗಿದ್ದೆ."

ಅಜ್ಜಿ ನನ್ನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿ, "ಹಾಗಾದರೆ ನಾನು ಸರಿಯಾದ ಕಡೆಗೇ ಬಂದಿದ್ದೀನಿ" ಎಂದರು.

ಊರಿನ ಹೆಸರನ್ನು ಜರ್ಮನ್ನಿನಲ್ಲಿ ಹೇಳಿದರು. ಅದರ ಅರ್ಥ ಹೊಸ ಊರು ಎಂದು. ನಮ್ಮಲ್ಲಿ ಹೊಸೂರು, ಹೊಸಹಳ್ಳಿ ಇಲ್ಲವೇ, ಹಾಗೆ. ಅಂದಿನಿಂದ ನಾನೂ ನಮ್ಮವರೂ ಮನೆಯಲ್ಲಿ ಅದನ್ನು ಹೊಸೂರು ಎಂದೇ ಕರೆಯತೊಡಗಿದೆವು, ಆಕೆಯನ್ನು ಕೆಳಗಿನ ಮನೆ ಅಜ್ಜಿ ಎಂದು. ಹೊಸೂರು ಎಂಬ ಊರು ನಮ್ಮಲ್ಲಿ ತಾಲೂಕಿಗೊಂದು ಇದ್ದೇ ಇರುತ್ತದೆ. ಜರ್ಮನಿಯಲ್ಲೂ ಹಾಗೇ ಇರಬಹುದೆಂಬುದು ಭೂಗೋಳ ಓದಿದವಳಿಗೆ ಆ ಹೊತ್ತಿಗೆ ಹೊಳೆಯಲಿಲ್ಲ.

ಮಂಗಳವಾರ, ಗುರುವಾರ ಮಧ್ಯಾಹ್ನ ಕೆಳಗೆ ಹೋಗುವುದೆಂದಾಯಿತು. ಹೊಸ ನೋಟ್‌ಬುಕ್ಕು ತಂದು, ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದ ಹಾಗೆಯೇ ತಲೆಬರಹಗಳನ್ನು ಹಾಕಿಕೊಂಡೆ: ಸ್ಥಾನ ಮತ್ತು ವಿಸ್ತೀರ್ಣ, ಮೇಲ್ಮೈ ಲಕ್ಷಣ, ವಾಯುಗುಣ, ನದಿಗಳು, ಬೆಳೆಗಳು, ಕೈಗಾರಿಕೆ, ಕೊನೆಗೆ ಇತಿಹಾಸ. ನನಗೆ ಒಳಗೊಳಗೇ ಖುಷಿ. ಎರಡು ವರ್ಷದಿಂದ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ.

ಮೊದಲ ದಿನವೇ ಗೊಂದಲ ಶುರುವಾಯಿತು.

"ನದಿ ಊರಿನ ಯಾವ ದಿಕ್ಕಿಗಿದೆ?" ಎಂದೆ.

"ಎಡಕ್ಕೆ."

"ಎಡಕ್ಕೆ ಅಂದರೆ? ಉತ್ತರಕ್ಕೋ ದಕ್ಷಿಣಕ್ಕೋ?"

"ಬಾಗಿಲಿಂದ ಹೊರಗೆ ಬಂದರೆ ಎಡಕ್ಕೆ."

ಗುರುವಾರ ಅದೇ ಪ್ರಶ್ನೆಗೆ ಬಲಕ್ಕೆ ಎಂದರು. ಮಂಗಳವಾರ ಎಡಕ್ಕೆ ಎಂದಿರಲ್ಲ ಎಂದರೆ, "ಹೌದು, ಎಡಕ್ಕೆ" ಎಂದರು. ನದಿಯ ಹೆಸರು ಕೇಳಿದೆ. "ಅದಕ್ಕೆ ಹೆಸರು ಇತ್ತು. ನಾವು ನೀರು ಅಂತಿದ್ವಿ. ನೀರಿಗೆ ಹೋಗ್ತೀವಿ, ನೀರು ಗಡ್ಡೆ ಕಟ್ಟಿದೆ, ಹೀಗೆ" ಎಂದರು. ಇದು ಮಾತ್ರ ನನಗೆ ಅರ್ಥವಾಯಿತು. ನಾವೂ ನಾಲೆ ಎಂದಷ್ಟೇ ಅನ್ನುತ್ತಿದ್ದೆವು. ಯಾವ ನಾಲೆ ಎಂದು ಮಂಡ್ಯದಲ್ಲಿ ಯಾರೂ ಕೇಳುತ್ತಿರಲಿಲ್ಲ.

ನಾನು ನಕ್ಷೆ ಬರೆದೆ. ನಡುವೆ ಚರ್ಚು, ಅದರ ಮುಂದೆ ಸಂತೆ ಸೇರುವ ಜಾಗ, ಒಂದು ಪಕ್ಕಕ್ಕೆ ನದಿ, ಹಿಂದೆ ಬೆಟ್ಟ. ಅಜ್ಜಿ ಕನ್ನಡಕ ಏರಿಸಿ ನೋಡಿದರು. ಕಾಗದವನ್ನು ತಲೆಕೆಳಗು ಮಾಡಿ, ನದಿಯ ಗೆರೆಯ ಇನ್ನೊಂದು ಬದಿಗೆ ಬೆರಳಿಟ್ಟು ತಮ್ಮ ಮನೆ ಅಲ್ಲಿ ಎಂದು ತೋರಿಸಿ, "ಈಗ ಸರಿಯಾಯ್ತು" ಎಂದರು. ಹಾಗಾದರೆ ಚರ್ಚು ಮನೆಯಿಂದ ನದಿಯ ಆಚೆ ದಡಕ್ಕೆ ಬೀಳುತ್ತಿತ್ತು. ಚರ್ಚಿಗೆ ಹೋಗಲು ಸೇತುವೆ ದಾಟುತ್ತಿದ್ದಿರಾ ಎಂದೆ. ಸೇತುವೆಯೇ ಇರಲಿಲ್ಲ, ದಾಟುವ ಮಾತು ಎಲ್ಲಿಂದ ಬಂತು ಎಂದರು. ಬೆಟ್ಟ ಎಷ್ಟು ಎತ್ತರ ಎಂದರೆ, ಓಡಿ ಇಳಿದರೆ ಉಸಿರು ಕಟ್ಟುವಷ್ಟು ಎಂದರು.

ಸಂಜೆ ನಮ್ಮವರ ಮುಂದೆ ಹೇಳಿಕೊಂಡೆ. ಅವರು ಷೂ ಬಿಚ್ಚುತ್ತ, "ನೀನು ನಿಮ್ಮ ಮನೆಯಿಂದ ಸ್ಕೂಲಿಗೆ ಹೋಗೋ ದಾರಿ ಮ್ಯಾಪ್ ಹಾಕು ನೋಡೋಣ" ಎಂದರು. ಅದೇನು ಮಹಾ ಎಂದು ಪೆನ್ಸಿಲ್ ತೆಗೆದುಕೊಂಡೆ. ನಾಲ್ಕು ವರ್ಷ ದಿನಕ್ಕೆ ಎರಡು ಸಲ ನಡೆದ ದಾರಿ. ರೈಲ್ವೆ ಸ್ಟೇಷನ್ ದಾಟಿದ ಮೇಲೆ ಸಿಗುವ ತಿರುವು ಪೋಸ್ಟ್ ಆಫೀಸಿಗೆ ಮೊದಲೋ ಆಮೇಲೋ ಎಂದು ಬಹಳ ಹೊತ್ತು ಯೋಚಿಸಿದೆ. ಒಂದು ಬರೆದು ಅಳಿಸಿದೆ, ಇನ್ನೊಂದು ಬರೆದೆ.

"ಎರಡು ವರ್ಷಕ್ಕೆ ಹಿಂಗಾದ್ರೆ ಆಯಮ್ಮಂಗೆ ಐವತ್ತು ವರ್ಷ ಆಗಿದೆ ಕಣೇ," ಎಂದರು ನಮ್ಮವರು. "ಲೈಬ್ರರೀಲಿ ಅಟ್ಲಾಸ್ ಇರತ್ತೆ, ಎನ್‌ಸೈಕ್ಲೋಪೀಡಿಯಾ ಇರತ್ತೆ. ಅದರಲ್ಲಿ ನೋಡು. ಸುಮ್ನೆ ಯಾಕೆ ತಲೆ ಕೆಡಿಸ್ಕೊಳ್ತೀಯ?"

ಲೈಬ್ರರಿಗೆ ಹೋಗುವ ಮುಂಚೆ ನಡೆದ ಒಂದು ವಿಷಯ ಹೇಳಬೇಕು, ಏಕೆಂದರೆ ನಾನು ತಪ್ಪಿದ್ದು ಅಲ್ಲಿಯೇ. ಒಂದು ಗುರುವಾರ ಕಾಫಿ ಕುಡಿಯುತ್ತ ಅಜ್ಜಿ, ನಿನ್ನ ಊರು ಹೇಗಿದೆ ಎಂದು ಕೇಳಿದರು. ಈ ದೇಶದಲ್ಲಿ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನಾನು ನಿಲ್ಲಿಸದೆ ಹೇಳಿದೆ. ಸಕ್ಕರೆ ಫ್ಯಾಕ್ಟರಿ, ಕಬ್ಬು ಅರೆಯುವ ಕಾಲ ಬಂತೆಂದರೆ ರಸ್ತೆಯುದ್ದಕ್ಕೂ ಸಾಲುಗಟ್ಟಿದ ಗಾಡಿಗಳು, ಹಿಂದಿನಿಂದ ಕಬ್ಬು ಎಳೆದುಕೊಂಡು ಓಡುವ ನಾವು, ಊರೆಲ್ಲ ಕಾಕಂಬಿಯ ವಾಸನೆ, ಹಗ್ಗದ ಮೇಲೆ ಒಣಹಾಕಿದ ಲಂಗಕ್ಕೂ ಅದೇ ವಾಸನೆ. ಅಜ್ಜಿ ಬಟ್ಟಲು ಕೆಳಗಿಡದೆ ಕೇಳಿದರು.

ಮುಂದಿನ ಮಂಗಳವಾರ, ಕೈಗಾರಿಕೆ ಎಂಬ ತಲೆಬರಹಕ್ಕೆ ಬಂದಾಗ, ಅವರು ಹೇಳಿದ್ದು ಇದು: "ನಮ್ಮೂರಲ್ಲಿ ಸಕ್ಕರೆ ಫ್ಯಾಕ್ಟರಿ ಇತ್ತು. ಚಳಿ ಶುರುವಾಗೋ ಹೊತ್ತಿಗೆ ಗಾಡಿಗಳು ಸಾಲಾಗಿ ನಿಲ್ತಿದ್ವು. ನಾವು ಹಿಂದಿನಿಂದ ಎಳೀತಿದ್ವಿ. ಊರೆಲ್ಲ ವಾಸನೆ. ಒಗೆದ ಬಟ್ಟೆಗೂ ಮೆತ್ತಿಕೊಳ್ತಿತ್ತು."

ನಾನು ಬರೆಯುತ್ತಿದ್ದ ಕೈ ನಿಲ್ಲಿಸಿದೆ. "ಕಬ್ಬಾ?" ಎಂದೆ.

"ಕಬ್ಬು ಅಲ್ಲ. ಬೀಟು. ಬಿಳೀ ಬೀಟು. ಮಂಜು ಬಿದ್ದ ನೆಲದಿಂದ ಕಿತ್ತು, ಎಲೆ ಕತ್ತರಿಸಿ ಗುಡ್ಡೆ ಹಾಕಬೇಕು. ಅಮ್ಮನೂ ಹೋಗ್ತಿದ್ದಳು, ನಾನೂ ಹೋಗ್ತಿದ್ದೆ. ಬೆರಳು ಒಡೆದು ರಕ್ತ ಬರೋದು."

ಯುರೋಪಿನಲ್ಲಿ ಬೀಟ್ ಗೆಡ್ಡೆಯಿಂದ ಸಕ್ಕರೆ ತೆಗೆಯುತ್ತಾರೆಂದು ನಾನೇ ಎಂಟನೇ ತರಗತಿಗೆ ಪಾಠ ಮಾಡಿದ್ದೆ. ಅದರಲ್ಲಿ ಅಸಾಧ್ಯವಾದದ್ದು ಏನೂ ಇರಲಿಲ್ಲ. ಆದರೆ ಗಾಡಿಯ ಸಾಲು, ಹಿಂದಿನಿಂದ ಎಳೆಯುವ ಮಕ್ಕಳು, ಬಟ್ಟೆಯ ವಾಸನೆ ಎಲ್ಲವೂ ನಾನು ಹೋದ ವಾರ ಹೇಳಿದ ಕ್ರಮದಲ್ಲೇ ಬಂದವು. ಪಾಪ, ವಯಸ್ಸಾಗಿದೆ, ನನ್ನ ಊರನ್ನು ತನ್ನ ಊರಿಗೆ ಸೇರಿಸಿಕೊಂಡುಬಿಟ್ಟಿದ್ದಾರೆ ಅನ್ನಿಸಿತು. ನದಿ ಎಡಕ್ಕೋ ಬಲಕ್ಕೋ ಹೇಳಲಾಗದವರು ಇಷ್ಟನ್ನೆಲ್ಲ ಒಪ್ಪವಾಗಿ ಹೇಗೆ ಹೇಳಿದರು? ಮನೆಗೆ ಬಂದು ಆ ಪುಟದ ಮೇಲೆ ಪೆನ್ಸಿಲ್ಲಿನಿಂದ ಅಡ್ಡಗೆರೆ ಎಳೆದೆ.

ಆ ಶನಿವಾರ ಲೈಬ್ರರಿಗೆ ಹೋದೆ. ಅಟ್ಲಾಸಿನ ಹಿಂದಿನ ಪಟ್ಟಿಯಲ್ಲಿ ಹೊಸೂರಿನ ಹೆಸರು ಒಂದರ ಕೆಳಗೊಂದು ಬಹಳ ಸಲ ಇತ್ತು. ಆಗ ಜರ್ಮನಿ ಎರಡು ದೇಶವಾಗಿತ್ತು, ಪಶ್ಚಿಮ ಬೇರೆ ಪೂರ್ವ ಬೇರೆ. ಹೊಸೂರುಗಳು ಎರಡು ಕಡೆಯೂ ಇದ್ದವು. ಎನ್‌ಸೈಕ್ಲೋಪೀಡಿಯಾದಲ್ಲಿ ಒಂದು ಹೊಸೂರಿನ ಬಗ್ಗೆ ಮಾತ್ರ ದೊಡ್ಡದಾಗಿ ಬರೆದಿದ್ದರು. ಅದು ಪಶ್ಚಿಮದ್ದು. ನದಿ ಇತ್ತು, ಬೆಟ್ಟ ಇತ್ತು, ಹಳೆಯ ಚರ್ಚು, ಬೆಟ್ಟದ ಮೇಲೆ ಪಾಳುಬಿದ್ದ ಕೋಟೆ, ಬಿಸಿಲು ಬೀಳುವ ಇಳಿಜಾರಿನಲ್ಲಿ ದ್ರಾಕ್ಷಿ ತೋಟಗಳು. ಒಮ್ಮೆ ಊರಿಗೆ ಬೆಂಕಿ ಬಿದ್ದು ಸುಟ್ಟು, ಮತ್ತೆ ಕಟ್ಟಿದ ಕಥೆಯೂ ಇತ್ತು. ಇಷ್ಟು ಚೆನ್ನಾಗಿ ಇತಿಹಾಸ ಸಿಕ್ಕಿತಲ್ಲ ಎಂಬ ಸಂಭ್ರಮದಲ್ಲಿ ಆ ಪುಟ, ಅಟ್ಲಾಸಿನ ಪುಟ ಎರಡನ್ನೂ ಜೆರಾಕ್ಸ್ ಮಾಡಿಸಿಕೊಂಡು ನೇರವಾಗಿ ಕೆಳಗಿನ ಮನೆಗೆ ಹೋದೆ.

ಆಮೇಲೆ ನಡೆದದ್ದನ್ನು ಎಷ್ಟೋ ಸಲ ನೆನೆದು ನೋಡಿದ್ದೇನೆ. ನಕ್ಷೆಯನ್ನು ಮೇಜಿನ ಮೇಲೆ ಹರಡಿ, "ನಿಮ್ಮೂರು ಇದೇನಾ?" ಎಂದೆ. ಅಜ್ಜಿ ಬಗ್ಗಿ, ಪಶ್ಚಿಮದ ಹೊಸೂರಿನ ಮೇಲೆ ಬೆರಳಿಟ್ಟು, "ಹೌದು, ಇದೇ" ಎಂದರು. ಆದರೆ ಅವರು ಬೆರಳಿಡುವ ಮೊದಲು ನನ್ನ ಬೆರಳು ಅಲ್ಲಿ ಇತ್ತೇ? ಇತ್ತು ಅನ್ನಿಸುತ್ತದೆ. ಇರಲಿಲ್ಲ ಎಂದೂ ಅನ್ನಿಸುತ್ತದೆ. ಆಣೆ ಮಾಡಿ ಹೇಳು ಎಂದರೆ ಹೇಳಲಾರೆ.

ಜೆರಾಕ್ಸ್ ಪುಟವನ್ನು ಗಟ್ಟಿಯಾಗಿ ಓದಿದೆ. ಕೋಟೆ ಬಂದಾಗ ತಲೆಯಾಡಿಸಿದರು. ದ್ರಾಕ್ಷಿ ತೋಟ ಬಂದಾಗ, "ಹೌದು, ದ್ರಾಕ್ಷಿ. ನಮ್ಮ ಸೋದರಮಾವನದು ಒಂದು ತೋಟ ಇತ್ತು. ಸಾಯಂಕಾಲದ ಬಿಸಿಲಲ್ಲಿ ಎಲೆಗಳು ಕೆಂಪಗೆ ಕಾಣ್ತಿದ್ವು" ಎಂದರು. ಪುಸ್ತಕದಲ್ಲಿ ಎಲೆಗಳ ಮಾತೇ ಇರಲಿಲ್ಲ. ಹಾಗಾದರೆ ಇದು ಅವರ ನೆನಪೇ ಎಂದು ನನಗೆ ಖಾತ್ರಿಯಾಯಿತು. ಅದನ್ನೂ ಸೇರಿಸಿ ಬರೆದೆ.

ಹನ್ನೊಂದು ಪುಟವಾಯಿತು. ಒಂದೂ ತಪ್ಪಿಲ್ಲದೆ ಟೈಪ್ ಮಾಡಿ, ಅಜ್ಜಿಗೆ ಒಮ್ಮೆ ಪೂರ್ತಿ ಓದಿ ಹೇಳಿದೆ. ಮಗಳು ಲಾಸ್ ಗ್ಯಾಟೋಸಿನಿಂದ ಬಂದು ತೆಗೆದುಕೊಂಡು ಹೋದಳು. ಅಲ್ಲಿಯೇ ನಿಂತು ಮೊದಲ ಪುಟ ಓದಿ, ನನ್ನ ಎರಡೂ ಕೈ ಹಿಡಿದುಕೊಂಡು, "ಅಮ್ಮ ನನಗೆ ಇದರಲ್ಲಿ ಒಂದು ಸಾಲನ್ನೂ ಹೇಳಿರಲಿಲ್ಲ. ನಿಮಗೆ ಹೇಗೆ ಹೇಳಿದರು?" ಎಂದಳು. ನಾನು ಸಂಕೋಚದಿಂದ ನಕ್ಕೆ. ಅಜ್ಜಿ ಕಿಟಕಿಯ ಹತ್ತಿರ ಕೂತು ಹೊರಗೆ ನೋಡುತ್ತಿದ್ದರು.

ಬೇಸಗೆಯಲ್ಲಿ ಮಗಳು ಹೋಗಿ ಬಂದಳು. ಫೋಟೋ ತೋರಿಸಲು ನನ್ನನ್ನೂ ಕರೆದಿದ್ದರು. ಅಜ್ಜಿ ಪ್ಲಮ್ ಹಣ್ಣಿನ ಕೇಕು ಮಾಡಿದ್ದರು. ಮೊಟ್ಟೆ ಹಾಕಿದೆ, ತಿನ್ನುತ್ತೀಯೋ ಇಲ್ಲವೋ ಎಂದು ಕೇಳಿಯೇ ಬಡಿಸಿದರು. ಫೋಟೋಗಳಲ್ಲಿ ನದಿ, ಕೋಟೆ, ಕಲ್ಲು ಹಾಸಿದ ಬೀದಿ, ಕಿಟಕಿಗಳಲ್ಲಿ ಕೆಂಪು ಹೂವಿನ ಕುಂಡಗಳು. ನಾನು ಬರೆದದ್ದೆಲ್ಲ ಹಾಗೆ ಹಾಗೆಯೇ ಇತ್ತು.

"ಒಂದು ಮಾತ್ರ ಗೊತ್ತಾಗಲಿಲ್ಲ ಅಮ್ಮ," ಎಂದಳು ಮಗಳು. "ಚರ್ಚಿನ ಪುಸ್ತಕದಲ್ಲಿ ನಮ್ಮ ಮನೆತನದ ಹೆಸರೇ ಇಲ್ಲ. ಊರಲ್ಲಿ ವಯಸ್ಸಾದವರನ್ನೂ ಕೇಳಿದೆ. ಯಾರಿಗೂ ಗೊತ್ತಿಲ್ಲ."

"ಜನ ಸಾಯ್ತಾರೆ," ಎಂದರು ಅಜ್ಜಿ. ಆಮೇಲೆ ಒಂದು ಫೋಟೋ ಎತ್ತಿ ಹಳದಿ ಬಣ್ಣದ ಮನೆಯೊಂದನ್ನು ತೋರಿಸಿ, "ಇದು ನಮ್ಮನೆ" ಎಂದರು. ಮಗಳು ಕಣ್ಣೊರೆಸಿಕೊಂಡು ಆ ಫೋಟೋವನ್ನು ಬೇರೆಯಾಗಿ ಎತ್ತಿಟ್ಟಳು.

ಆರೇಳು ತಿಂಗಳಾದ ಮೇಲೆ ಅಜ್ಜಿ ಸ್ನಾನದ ಮನೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಸ್ಪತ್ರೆ, ಆಪರೇಷನ್ನು, ಆಮೇಲೆ ಲಾಸ್ ಗ್ಯಾಟೋಸಿನ ಮಗಳ ಮನೆ. ಕೆಳಗಿನ ಮನೆ ಖಾಲಿ ಮಾಡಲು ಮಗಳು ವಾರಗಟ್ಟಲೆ ಓಡಾಡಿದಳು. ಒಂದು ಬೆಳಿಗ್ಗೆ ನಮ್ಮ ಬಾಗಿಲು ಬಡಿದಾಗ ಅವಳ ಕೈಯಲ್ಲಿ ಕಂದುಬಣ್ಣಕ್ಕೆ ತಿರುಗಿದ ಒಂದು ಕಾಗದ ಇತ್ತು. ಮುಖ ಬಿಗಿದಿತ್ತು.

"ಅಮ್ಮನಿಗೆ ಚರ್ಚಿನಲ್ಲಿ ಹೆಸರಿಟ್ಟಾಗ ಕೊಟ್ಟ ಕಾಗದ. ಜರ್ಮನ್ ಬರೋರ ಹತ್ತಿರ ಓದಿಸಿದೆ. ಊರಿನ ಹೆಸರು ಅದೇ. ಆದರೆ ಜಿಲ್ಲೆ ಬೇರೆ. ಇದು ಪೂರ್ವ ಜರ್ಮನಿಯಲ್ಲಿದೆ. ನಾನು ಹೋಗಿದ್ದು ಬೇರೆ ಊರಿಗೆ."

ನಾನು ಬಾಗಿಲು ಪೂರ್ತಿ ತೆರೆದು ಅವಳನ್ನು ಒಳಗೆ ಕರೆದೆ.

"ಆ ಪುಟಗಳನ್ನು ಟೈಪ್ ಮಾಡಿದ್ದು ನೀವು. ಅದೆಲ್ಲ ಅಮ್ಮ ಹೇಳಿದ್ದಾ? ಅಥವಾ ನೀವೇ ಬರೆದದ್ದಾ?"

"ಅವರು ಹೇಳಿದ್ದು," ಎಂದೆ. ತಕ್ಷಣ, "ಇಲ್ಲ, ಕೆಲವು ಪುಸ್ತಕದಿಂದ ತೆಗೆದದ್ದು" ಎಂದೆ. ಆಮೇಲೆ, "ಪುಸ್ತಕದಲ್ಲಿದ್ದದ್ದನ್ನು ಓದಿದೆ, ಅವರು ಹೌದು ಅಂದರು" ಎಂದೆ. ಮೂರೂ ನಿಜ. ಮೂರನ್ನೂ ಒಟ್ಟಿಗೆ ಕೇಳಿದರೆ ಸುಳ್ಳು ಹೇಳುವವಳ ಮಾತಿನ ಹಾಗಿತ್ತು.

ಒಳಗೆ ಹೋಗಿ ನೋಟ್‌ಬುಕ್ಕು ತಂದೆ. ಅಡ್ಡಗೆರೆ ಎಳೆದ ಪುಟವನ್ನು ತೆಗೆದು ಅವಳ ಮುಂದಿಟ್ಟೆ. ಅದು ಅರ್ಧ ಕನ್ನಡದಲ್ಲಿ, ಅರ್ಧ ಇಂಗ್ಲಿಷಿನಲ್ಲಿತ್ತು. ನಾನೇ ಓದಿ ಹೇಳಬೇಕಾಯಿತು. ಸಕ್ಕರೆ ಫ್ಯಾಕ್ಟರಿ, ಗಾಡಿಗಳ ಸಾಲು, ಮಂಜಿನ ನೆಲದಿಂದ ಬೀಟ್ ಕೀಳುವುದು, ಒಡೆದ ಬೆರಳು. ಅವಳು ಸೋಫಾದ ತುದಿಯಲ್ಲಿ ಕೂತು ಕೇಳಿದಳು.

"ಇದನ್ನು ಯಾಕೆ ಬಿಟ್ಟಿರಿ?"

"ನನ್ನ ಊರಿನ ಕಥೆಯನ್ನೇ ಅವರು ತಿರುಗಿಸಿ ಹೇಳ್ತಿದ್ದಾರೆ ಅಂದುಕೊಂಡೆ. ನನ್ನ ಊರಲ್ಲೂ ಸಕ್ಕರೆ ಫ್ಯಾಕ್ಟರಿ ಇದೆ. ಅದರ ಹಿಂದಿನ ವಾರವೇ ನಾನು ಹೇಳಿದ್ದೆ."

"ಅಮ್ಮನ ಬೆರಳುಗಳ ಮೇಲೆ ಗಾಯದ ಗುರುತುಗಳಿವೆ," ಎಂದಳು. "ಇಲ್ಲಿಯ ಹಣ್ಣು ಡಬ್ಬಿಗೆ ತುಂಬೋ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದ್ದಳಲ್ಲ, ಅಲ್ಲಿ ಆದದ್ದು ಅಂತ ನಾನು ತಿಳಿದಿದ್ದೆ." ಅವಳಿಗೆ ಕೋಪ ಬಂದಿತ್ತು. ಆದರೆ ಅದು ನನ್ನ ಮೇಲೋ ಅಮ್ಮನ ಮೇಲೋ ಎಂದು ಅವಳಿಗೇ ತಿಳಿದ ಹಾಗೆ ಕಾಣಲಿಲ್ಲ. "ನನ್ನ ಜೊತೆ ಬನ್ನಿ. ಇಬ್ಬರೂ ಹೋಗಿ ಕೇಳೋಣ" ಎಂದಳು.

ಅವಳ ಕಾರಿನಲ್ಲೇ ಹೋದೆವು. ನಾನು ದಾರಿಯುದ್ದಕ್ಕೂ ತಪ್ಪಾಯಿತು ಎಂಬ ಮಾತನ್ನು ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಯಾವ ತಪ್ಪು ಎಂಬುದೇ ಸ್ಪಷ್ಟವಿರಲಿಲ್ಲ. ಊರು ಗುರುತಿಸಿದ್ದು ತಪ್ಪೋ, ನಂಬದೇ ಹೋದದ್ದೋ, ನಂಬಿದ್ದೋ?

ಅಜ್ಜಿ ಮಗಳ ಮನೆಯ ಹಿಂದಿನ ಅಂಗಳದಲ್ಲಿ ಬಿಸಿಲಿಗೆ ಕೂತಿದ್ದರು. ಪಕ್ಕದಲ್ಲಿ ಊರುಗೋಲು. ನನ್ನನ್ನು ಕಂಡು ಮುಖ ಅರಳಿತು. "ಟೈಪಿಸ್ಟ್ ಬಂದಳು" ಎಂದರು. ಮಗಳು ಕಾಗದವನ್ನು ಅವರ ತೊಡೆಯ ಮೇಲಿಟ್ಟಳು. ಅಜ್ಜಿ ಬಹಳ ಹೊತ್ತು ಅದನ್ನು ಸವರಿದರು.

"ಅಪ್ಪನ ಸಹಿ," ಎಂದರು. "ಎಷ್ಟು ಕೆಟ್ಟದಾಗಿ ಬರೀತಿದ್ದ ನೋಡು."

"ಅಮ್ಮ, ನಾನು ಹೋಗಿಬಂದ ಊರು ಯಾವುದು?"

"ಹೊಸೂರು."

"ಅದು ನಿನ್ನ ಊರಲ್ಲ."

"ಅಲ್ಲ," ಎಂದರು ಅಜ್ಜಿ, ಎಷ್ಟೋ ದಿನದಿಂದ ಗೊತ್ತಿದ್ದ ಮಾತಿನ ಹಾಗೆ. "ನಮ್ಮೂರು ಗಡಿ ಬೇಲಿಯ ಆಚೆಗಿದೆ. ಅಲ್ಲಿಗೆ ಹೋಗೋದು ಅಂದರೆ ಪರ್ಮಿಷನ್ನು, ಪೊಲೀಸು, ಯಾರ ಮಗಳು, ಯಾಕೆ ಬಂದೆ ಅಂತ ಪ್ರಶ್ನೆ. ನಿನ್ನನ್ನು ಅಲ್ಲಿಗೆ ಯಾಕೆ ಕಳಿಸಲಿ? ಈ ಹುಡುಗಿ ಪುಸ್ತಕ ತಂದಳು. ಅದರಲ್ಲಿ ಕೋಟೆ ಇತ್ತು. ಚೆನ್ನಾಗಿತ್ತು. ನಮ್ಮೂರಲ್ಲಿ ಏನಿತ್ತು? ಬೀಟು, ಕೆಸರು."

ನನಗೆ ಒಂದು ಕ್ಷಣ ಎದೆ ಹಗುರಾಯಿತು. ಬೇಕೆಂದೇ ಮಾಡಿದ್ದಾರೆ, ನನ್ನ ತಪ್ಪಲ್ಲ. ಅಷ್ಟರಲ್ಲಿ ಅಜ್ಜಿ ಮುಂದುವರಿಸಿದರು.

"ಆದರೆ ಆ ಹಳದಿ ಮನೆ ನಮ್ಮದೇ."

"ಅಮ್ಮ!"

"ಸೋದರಮಾವನ ದ್ರಾಕ್ಷಿ ತೋಟವೂ ಇತ್ತು. ಎಲೆ ಕೆಂಪಗೆ ಆಗ್ತಿತ್ತು. ನಾನು ಕಣ್ಣಾರೆ ನೋಡಿದ್ದೀನಿ."

ಮಗಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಮೋಸ ಎನ್ನೋಣ ಎಂದರೆ ಈಗ ತಾನೇ ಒಪ್ಪಿಕೊಂಡಿದ್ದರು. ಮರೆವು ಎನ್ನೋಣ ಎಂದರೆ ಪೊಲೀಸು, ಬೇಲಿ, ಪರ್ಮಿಷನ್ನು ಎಲ್ಲ ಸರಿಯಾಗಿಯೇ ಇತ್ತು. ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಿ, ಅಜ್ಜಿ ಶಾಲನ್ನು ಹೊದ್ದು ನೆಮ್ಮದಿಯಾಗಿ ಕೂತಿದ್ದರು. ನಾನು ಓದಿದ ಪುಟದಿಂದ ಆ ತೋಟ ಅವರ ತಲೆಯೊಳಗೆ ಹೋಯಿತೇ, ಅಥವಾ ಬೇರೆ ಯಾವುದೋ ಊರಿನ ಯಾವುದೋ ಸೋದರಮಾವನ ತೋಟ ನಿಜವಾಗಿ ಇತ್ತೇ?

"ನನ್ನದು ತಪ್ಪಾಯಿತು," ಎಂದೆ ಕೊನೆಗೆ. "ಬೀಟಿನ ವಿಷಯ ನೀವು ಹೇಳಿದ್ದಿರಿ. ನಾನು ಹೊಡೆದುಹಾಕಿದೆ."

"ಗೊತ್ತು," ಎಂದರು ಅಜ್ಜಿ. "ಮುಗಿದ ಮೇಲೆ ಓದಿ ಹೇಳಿದೆಯಲ್ಲ, ಅದರಲ್ಲಿ ಬೀಟು ಇರಲಿಲ್ಲ. ನಿನಗೆ ಇಷ್ಟ ಆಗಲಿಲ್ಲ ಅಂದುಕೊಂಡೆ."

ಅಷ್ಟು ದೊಡ್ಡ ವಿಷಯವನ್ನು ಅವರು ಅಷ್ಟು ಸಣ್ಣದಾಗಿ ಹೇಳಿದ್ದು ನನ್ನನ್ನು ಚುಚ್ಚಿತು. ಪಾಠ ಮಾಡುವಾಗ ಮಕ್ಕಳು ತಪ್ಪು ಉತ್ತರ ಹೇಳಿದರೆ ಕೇಳಿಸದವಳಂತೆ ಮುಂದಿನವರನ್ನು ಎಬ್ಬಿಸುತ್ತಿದ್ದೆ. ಅವರಲ್ಲಿ ಎಷ್ಟು ಜನರ ಉತ್ತರ ತಪ್ಪಾಗಿರಲಿಲ್ಲವೋ.

ಆಮೇಲೆ ಕೆಲವು ತಿಂಗಳು ವಾರಕ್ಕೊಮ್ಮೆ ಲಾಸ್ ಗ್ಯಾಟೋಸಿಗೆ ಹೋದೆ. ಅಷ್ಟರಲ್ಲಿ ನನಗೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿತ್ತು. ಹಳೆಯ ಕಾರೊಂದನ್ನು ಕೊಂಡಿದ್ದೆವು. ಈ ಸಲ ತಲೆಬರಹ ಹಾಕಲಿಲ್ಲ. ಅವರು ಏನು ಹೇಳಿದರೆ ಅದು. ನದಿ ಎಡಕ್ಕೂ ಬಲಕ್ಕೂ ಇದ್ದದ್ದು ಯಾಕೆಂದು ಆಗ ತಿಳಿಯಿತು. ಅವರು ಒಂದೇ ಬೀದಿಯಲ್ಲಿ ಎದುರುಬದುರಾಗಿದ್ದ ಎರಡು ಮನೆಗಳಲ್ಲಿ ಬೆಳೆದಿದ್ದರು, ಅಮ್ಮ ಸತ್ತ ಮೇಲೆ ಸೋದರತ್ತೆಯ ಮನೆಗೆ ಬಂದಿದ್ದರು. ಅತ್ತೆಯ ಮನೆ ಎದುರುಗಡೆ ಸಾಲಿನಲ್ಲಿತ್ತು. ಎರಡು ಬಾಗಿಲು, ಎರಡು ದಿಕ್ಕು. ಬೆಟ್ಟವೆಂದರೆ ಫ್ಯಾಕ್ಟರಿಯ ಹಿಂದೆ ಬೀಟು ತೊಳೆದ ಮಣ್ಣು ಸುರಿದು ಸುರಿದು ಆದ ದಿಬ್ಬವಂತೆ. ಸುತ್ತ ಎಲ್ಲ ಬಯಲು, ಹಾಗಾಗಿ ಮಕ್ಕಳಿಗೆ ಅದೇ ಬೆಟ್ಟ. ಎಷ್ಟೋ ಸಲ ಮಾತಿನ ನಡುವೆ ಕೋಟೆಯೂ ಬರುತ್ತಿತ್ತು. ಬಂದರೆ ಬರೆದುಕೊಳ್ಳುತ್ತಿದ್ದೆ. ಯಾವುದನ್ನೂ ಹೊಡೆದುಹಾಕುವ ಧೈರ್ಯ ಉಳಿದಿರಲಿಲ್ಲ.

ಈ ಪುಟಗಳ ತುಂಬ ಒಂದಕ್ಕೊಂದು ಹೊಂದದ ಮಾತು. ಮಗಳು ಅವನ್ನೇ ಹಿಡಿದುಕೊಂಡು, ಅರ್ಜಿಗಳ ಮೇಲೆ ಅರ್ಜಿ ಹಾಕಿ, ಎರಡು ವರ್ಷದ ಮೇಲೆ ಪೂರ್ವ ಜರ್ಮನಿಗೂ ಹೋದಳು. ಬೇಡವೆಂದು ಅಜ್ಜಿ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ನಾವು ಅಷ್ಟರಲ್ಲಿ ಯೂನಿಯನ್ ಸಿಟಿಗೆ ಮನೆ ಬದಲಾಯಿಸಿದ್ದೆವು. ಹಿಂದಿರುಗಿದ ವಾರ ಮಗಳು ಫೋನ್ ಮಾಡಿದಳು. ಮಧ್ಯಾಹ್ನದ ಅಡಿಗೆ ಒಲೆಯ ಮೇಲಿತ್ತು, ನಾನು ಒಲೆ ಆರಿಸಿ ಬಂದು ಕೂತೆ.

ಊರಿನಲ್ಲಿ ಅವಳಿಗೆ ಸಿಕ್ಕಿದ್ದು ಎರಡೇ ಗಂಟೆ. ಜೊತೆಗೆ ಒಬ್ಬ ಗೈಡ್ ಇದ್ದನಂತೆ. ಫ್ಯಾಕ್ಟರಿ ಇನ್ನೂ ಇತ್ತು. ಬೀದಿ ಅಗೆದು ಹಾಕಿದ್ದರು. ಎರಡು ಮನೆಗಳಲ್ಲಿ ಒಂದು ಬಿದ್ದುಹೋಗಿತ್ತು, ಇನ್ನೊಂದರಲ್ಲಿ ಯಾರೋ ಬಾಗಿಲು ತೆರೆದು, ಹೆಸರು ಕೇಳಿ, ಗೊತ್ತಿಲ್ಲ ಎಂದು ಮುಚ್ಚಿಕೊಂಡರು. ಆ ಬಾಗಿಲ ಮುಂದೆ ನಿಂತು ಅವಳು ಅತ್ತಳಂತೆ.

"ನಿಮಗೊಂದು ಮಾತು ಹೇಳಬೇಕು," ಎಂದಳು. "ಮೊದಲ ಸಲ ಹೋಗಿದ್ದೆನಲ್ಲ, ಆ ತಪ್ಪು ಊರಿಗೆ. ಅಲ್ಲಿ ಚರ್ಚಿನ ಮೆಟ್ಟಿಲ ಮೇಲೆ ಕೂತು ಇದಕ್ಕಿಂತ ಜಾಸ್ತಿ ಅತ್ತಿದ್ದೆ. ನನ್ನ ಗಂಡನಿಗೆ ಹೆದರಿಕೆ ಆಗೋವಷ್ಟು. ಈ ಕಲ್ಲಿನ ಮೇಲೆ ಅಮ್ಮ ಓಡಾಡಿದ್ದಾಳೆ ಅಂತ ಅತ್ತದ್ದು. ಅವಳು ಅಲ್ಲಿ ಕಾಲೇ ಇಟ್ಟಿರಲಿಲ್ಲ. ಹಾಗಾದರೆ ನಾನು ಅತ್ತದ್ದು ಯಾತಕ್ಕೆ?"

ಆ ಊರಿನ ಬಗ್ಗೆ ಟೈಪ್ ಮಾಡಿಕೊಟ್ಟವಳು ನಾನು. ನನಗೇ ಎರಡೂ ಊರುಗಳು ಕಲಸಿಹೋಗಿದ್ದವು. ಬಯಲಿನ ನಡುವೆ ಕೋಟೆ, ದ್ರಾಕ್ಷಿಯ ಇಳಿಜಾರಿನ ಕೆಳಗೆ ಬೀಟಿನ ಗಾಡಿಗಳು. ಬೇರೆ ಮಾಡಲು ನೋಡಿದಷ್ಟೂ ಇನ್ನಷ್ಟು ಅಂಟಿಕೊಳ್ಳುತ್ತಿದ್ದವು.

"ಅಮ್ಮನಿಗೆ ಹೇಳಿದಿರಾ?" ಎಂದೆ.

"ಫೋಟೋ ತೋರಿಸಿದೆ. ಉಳಿದಿರೋ ಆ ಮನೆ ನೋಡಿ, ಬಾಗಿಲಿಗೆ ಹಸಿರು ಬಣ್ಣ ಹೊಡೆದುಬಿಟ್ಟಿದ್ದಾರಲ್ಲ ಅಂದಳು. ಆಮೇಲೆ ಊಟ ಬೇಡ ಅಂದಳು." ಹಾಗೆಯೇ, "ನೀವು ಒಂದು ಸಲ ಬಂದುಹೋಗ್ತೀರಾ? ನಿಮ್ಮನ್ನು ಕೇಳ್ತಿರ್ತಾಳೆ" ಎಂದಳು.

ಭಾನುವಾರ ನಾನೂ ನಮ್ಮವರೂ ಹೋದೆವು. ಅಜ್ಜಿಗೆ ಇಷ್ಟವೆಂದು ಚಿತ್ರಾನ್ನ ಮಾಡಿಕೊಂಡು ಹೋಗಿದ್ದೆ. ನಮ್ಮವರು ಪಕ್ಕದಲ್ಲಿ ಕೂತು ತಟ್ಟೆ ಹಿಡಿದುಕೊಂಡರು. ಅಜ್ಜಿ ಚಮಚದಲ್ಲಿ ನಿಧಾನವಾಗಿ, ಕಡಲೆಬೇಳೆಯನ್ನು ಒಂದೊಂದಾಗಿ ಬದಿಗೆ ಸರಿಸುತ್ತ, ಅರ್ಧದಷ್ಟು ತಿಂದರು.